ಸೇತನ ವಯಸ್ಸು

ನನ್ನ ಉಪನ್ಯಾಸಕ್ಕೆ ಬಂದವರು ಹದಿನೇಳು ಜನ. ಹದಿನಾರು ಜನ ಸ್ವೀಡಿಷ್ ಅಜ್ಜ ಅಜ್ಜಿಯರು. ಹದಿನೇಳನೆಯವನು ಕೊನೆಯ ಸಾಲಿನಲ್ಲಿ ಕೂತು ದಾಲ್ಚಿನ್ನಿ ಬನ್ ತಿನ್ನುತ್ತಿದ್ದ.

ಮಾರ್ಚ್ ತಿಂಗಳು, ಉತ್ತರ ಸ್ವೀಡನ್ನಿನ ಉಮೆಯೊ ಊರಿನ ಗ್ರಂಥಾಲಯ. ಹೊರಗೆ ಹಿಮ ಕರಗಿ, ಮತ್ತೆ ಗಟ್ಟಿಯಾಗಿ, ಫುಟ್‌ಪಾತಿನ ಮೇಲೆ ಕಾಲಿಡಲು ಭಯವಾಗುವ ದಿನಗಳು. ಉಪನ್ಯಾಸಕ್ಕೆ ಬಂದವರಿಗೆಲ್ಲ ಕಾಫಿ, ಬನ್ನು ಉಚಿತ ಎಂದು ಬಾಗಿಲಲ್ಲಿ ಬರೆದಿದ್ದರು. ಇವನು ಬನ್ನಿಗೇ ಬಂದಿದ್ದಾನೆ ಎಂದು ನಾನು ಆ ಕ್ಷಣವೇ ತೀರ್ಮಾನಿಸಿದೆ. ತೀರ್ಮಾನ ಮಾಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ನನ್ನ ವಿಷಯ, ಬೈಬಲ್ಲಿನ ಮೊದಲ ಪುಸ್ತಕದ ವಂಶಾವಳಿ. ಅದರ ಹೀಬ್ರೂ ಹೆಸರುಗಳ ಅರ್ಥ, ಅದರ ಅಂಕಿಗಳು. ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದ ಮಗಳು ಇಳಾ ಇಷ್ಟು ಉತ್ತರಕ್ಕೆ ಬಂದು, ನೂರಾರು ವರ್ಷ ಬದುಕಿದರು ಎನ್ನುವ ಈ ಬೈಬಲ್ ಮುದುಕರ ಹಿಂದೆ ಯಾಕೆ ಬಿದ್ದಳು ಎಂದು ಅಮ್ಮ ಇವತ್ತಿಗೂ ಕೇಳುತ್ತಾಳೆ. ಹಳೆಯ ಕೈಬರಹದ ಪ್ರತಿಗಳಲ್ಲಿ ಅಂಕಿಗಳು ಹೇಗೆ ಬದಲಾಗುತ್ತವೆ ಎಂದು ಲೆಕ್ಕ ಹಾಕಲು ವಿಶ್ವವಿದ್ಯಾಲಯಕ್ಕೆ ಒಬ್ಬರು ಬೇಕಾಗಿತ್ತು, ಬಂದೆ. ಆಮೇಲೆ ಮುದುಕರ ಮೇಲೆ ಪ್ರೀತಿ ಹುಟ್ಟಿತು, ಅಷ್ಟೇ.

"ಎನೋಷ ಅಂದರೆ ಮನುಷ್ಯ, ಸಾಯುವವನು. ಯೆರೆದ ಅಂದರೆ ಇಳಿದವನು. ನೋಹ ಅಂದರೆ ನೆಮ್ಮದಿ," ಎಂದು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. "ಸೇತ, ಆದಾಮನ ಮಗ. ಅಣ್ಣ ಹೇಬೆಲ ಕೊಲೆಯಾದ ಮೇಲೆ ಹುಟ್ಟಿದವನು. ಸತ್ತ ಮಗನ ಬದಲಿಗೆ ದೇವರು ಕೊಟ್ಟ ಅಂತ ತಾಯಿ ಇವನಿಗೆ ಈ ಹೆಸರಿಟ್ಟಳು."

ಅಷ್ಟರಲ್ಲಿ ಸ್ಲೈಡ್ ನಿಂತುಹೋಯಿತು. ಮೈಕು ಆನ್ ಇರುವುದನ್ನು ಮರೆತು, "ಅಯ್ಯೋ ನನ್ನ ಕರ್ಮ," ಎಂದೆ. ಹದಿನಾರು ಜನಕ್ಕೆ ಅರ್ಥವಾಗಲಿಲ್ಲ. ಕೊನೆಯ ಸಾಲಿನವನು ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

ಪ್ರಶ್ನೆಗಳ ಹೊತ್ತಿಗೆ ಕೈ ಎತ್ತಿದವನೂ ಅವನೇ.

"ಸೇತನಿಗೆ ಅದು ಗೊತ್ತಿತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಯಾವುದು?"

"ತಾನು ಬದಲಿ ಅಂತ."

"ಒಂಬೈನೂರ ಹನ್ನೆರಡು ವರ್ಷ ಬದುಕಿದ್ದಾನೆ. ಯಾರಾದರೂ ಒಬ್ಬರು ಹೇಳಿಯೇ ಇರುತ್ತಾರೆ," ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಕೈಯಲ್ಲಿದ್ದ ಅರ್ಧ ಬನ್ನನ್ನು ಮತ್ತೆ ಬಾಯಿಗೆ ಇಡಲಿಲ್ಲ. ನಾನು ಅದನ್ನು ನೋಡಿದೆ. ಯಾಕೆ ಎಂದು ಕೇಳುವ ಬುದ್ಧಿ ಆಗ ಬರಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಮೇಜಿನ ಹತ್ತಿರ ಬಂದ. ಎತ್ತರದ ಆಳು, ತಲೆ ಮೇಲೆ ಉಲ್ಲನ್ ಟೋಪಿ, ಜಾಕೆಟ್ಟಿನ ಜೇಬಿನಿಂದ ಹೊರಗೆ ಇಣುಕುತ್ತಿದ್ದ ಹತ್ತು ಹನ್ನೆರಡು ಜ್ಯೂಸ್ ಸ್ಟ್ರಾಗಳು.

"ಕರ್ಮ ಅಂದ್ರಲ್ಲ, ಅವಾಗ ಗೊತ್ತಾಯ್ತು," ಎಂದ ಕನ್ನಡದಲ್ಲಿ.

"ಜ್ಯೂಸ್ ಅಂಗಡಿ ಇಟ್ಟಿದೀರಾ?"

ಅವನು ಒಂದು ಸ್ಟ್ರಾ ತೆಗೆದು ನನ್ನ ಅಂಗೈಯಲ್ಲಿಟ್ಟ. ಒಳಗೆ ಪೆನ್ಸಿಲ್ಲಿಗಿಂತ ತೆಳ್ಳಗಿನ ಮರದ ಕಡ್ಡಿ. "ಮರಕ್ಕೆ ಸಣ್ಣ ತೂತು ಕೊರೆದು ತೆಗೆದಿದ್ದು. ಈ ಗೆರೆಗಳನ್ನ ಎಣಿಸಿದ್ರೆ ವಯಸ್ಸು ಗೊತ್ತಾಗುತ್ತೆ. ಇದು ಇನ್ನೂರ ಹದಿನಾಲ್ಕು ವರ್ಷದ ಪೈನ್. ನಾನು ಅರಣ್ಯ ವಿಭಾಗದಲ್ಲಿ ರಿಸರ್ಚ್ ಮಾಡ್ತೀನಿ. ನಿಮ್ಮ ಮುದುಕರ ವಯಸ್ಸನ್ನ ಯಾರು ಎಣಿಸಿದ್ದು?"

"ಅದೇ ತೊಂದರೆ. ಮೂರು ಥರದ ಪ್ರತಿ ಇವೆ, ಹೀಬ್ರೂ, ಸಮಾರ್ಯದವರದು, ಗ್ರೀಕ್. ಹೀಬ್ರೂದಲ್ಲಿ ನೋಹನ ಅಜ್ಜ ಮೆತೂಷೆಲಹನ ವಯಸ್ಸು ಒಂಬೈನೂರ ಅರವತ್ತೊಂಬತ್ತು. ಸಮಾರ್ಯದವರ ಪ್ರತಿಯಲ್ಲಿ ಏಳುನೂರ ಇಪ್ಪತ್ತು."

"ಯಾವುದು ನಿಜ?"

"ಅದು ಗೊತ್ತಿದ್ದಿದ್ರೆ ನನಗ್ಯಾಕೆ ಇವ್ರು ಕೆಲಸ ಕೊಡ್ತಿದ್ರು?"

ಅವನು ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಬಲಗೆನ್ನೆ ಇನ್ನೂ ಯೋಚನೆ ಮಾಡುತ್ತಿರುವ ಹಾಗೆ ಸುಮ್ಮನಿರುತ್ತಿತ್ತು. ಹೆಸರು ದತ್ತಾತ್ರೇಯ, ಊರು ಗದಗ. ಸ್ಟ್ರಾ ವಾಪಸ್ ಕೊಡಲು ಮರೆತು ನಾನು ಅದನ್ನು ಮನೆಗೆ ತಂದೆ. ಮರೆತೆ ಎಂದೇ ಇಟ್ಟುಕೊಳ್ಳಿ.

*

ಆಮೇಲೆ ಪ್ರತಿ ಗುರುವಾರ ನಮ್ಮಿಬ್ಬರ ಫೀಕಾ. ಸ್ವೀಡನ್ನಿನಲ್ಲಿ ಕಾಫಿಗೆ ಕೂರುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಅದೊಂದಕ್ಕೆ ಈ ದೇಶಕ್ಕೆ ನಾನು ಋಣಿ.

ಅವನು ನನ್ನೊಂದಿಗೆ ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದ. ಚಳಿ ಹೆಚ್ಚಾದಾಗ ಮಾತ್ರ ಗದಗ ಹೊರಗೆ ಬರುತ್ತಿತ್ತು. "ಭಾಳ ಥಂಡಿ ಐತಿ," ಎಂದು, ಕೂಡಲೇ ನನ್ನ ಮುಖ ನೋಡಿ, "ಚಳಿ ಇದೆ," ಎಂದು ತಿದ್ದಿಕೊಳ್ಳುತ್ತಿದ್ದ.

"ತಿದ್ದಬೇಡಿ. ನನ್ನ ಕೆಲಸವೇ ತಿದ್ದಿದ್ದನ್ನ ಕಂಡುಹಿಡಿಯೋದು," ಎನ್ನುತ್ತಿದ್ದೆ.

ಒಂದು ಗುರುವಾರ ಅವನ ಫೋನು ಸ್ಪೀಕರಿನಲ್ಲಿದ್ದದ್ದು ಅವನಿಗೇ ಗೊತ್ತಿರಲಿಲ್ಲ. ಗದಗಿನಲ್ಲಿ ಖಾನಾವಳಿ ನಡೆಸುವ ಅವನ ತಾಯಿಯ ದನಿ ಇಡೀ ಕೆಫೆಗೆ ಕೇಳಿಸಿತು. "ಗುಂಡ್ಯಾ, ಉಂಡ್ಯಾ?"

ಫೋನು ಅವನ ಕೈಯಿಂದ ಜಾರಿ ಕಾಫಿ ಕಪ್ಪಿನ ಪಕ್ಕಕ್ಕೆ ಬಿತ್ತು. ಕಿವಿ ಕೆಂಪಾಯಿತು.

"ಗುಂಡ್ಯಾನಾ?" ಎಂದೆ, ಅವನು ಫೋನಿಟ್ಟ ಮೇಲೆ.

"ಮನೇಲಿ ಮಾತ್ರ. ಅವ್ವ ಯಾವತ್ತೂ ನನ್ನ ದತ್ತಾತ್ರೇಯ ಅಂತ ಕರೆದಿಲ್ಲ." ಹೇಳುತ್ತಾ ಚಮಚವನ್ನು ಸುಮ್ಮನೆ ತಿರುಗಿಸಿದ. "ಪ್ಲೀಸ್, ಇಲ್ಲಿ ಯಾರಿಗೂ ಹೇಳಬೇಡಿ."

"ಯೋಚನೆ ಮಾಡ್ತೀನಿ ಗುಂಡಪ್ಪನವರೆ."

ಬಾಯಿ ಮುಚ್ಚಿಸುವುದಕ್ಕೆ ಅವನು ಮುಂದಿನ ವಾರ ಡಬ್ಬಿಯಲ್ಲಿ ಎರಡು ಶೇಂಗಾ ಹೋಳಿಗೆ ತಂದ. ಫ್ರೀಜರಿನಲ್ಲಿಟ್ಟು ಜೋಪಾನ ಮಾಡಿದ್ದಂತೆ. "ಅವ್ವ ಪ್ರತಿ ವರ್ಷ ಕ್ರಿಸ್ಮಸ್‌ಗೆ ಪಾರ್ಸೆಲ್ ಕಳಿಸ್ತಾಳೆ. ಬೆಂಗಳೂರಲ್ಲಿ ಓದುವಾಗಲೂ ಅಷ್ಟೇ. ರಜೆ ಇರುತ್ತೆ, ಮಗ ಒಬ್ಬನೇ ಇರ್ತಾನೆ ಅಂತ. ನಮ್ಮ ಮನೇಲಿ ಕ್ರಿಸ್ಮಸ್ ಮಾಡಿದ್ದೇ ಇಲ್ಲ."

ಹೋಳಿಗೆಯ ಪುಡಿ ನನ್ನ ಗದ್ದಕ್ಕೆ ಅಂಟಿತ್ತು. ಅವನು ಟಿಶ್ಯೂ ಎತ್ತಿ ಅರ್ಧ ದಾರಿಯವರೆಗೆ ಕೈ ತಂದು, ಅಲ್ಲೇ ನಿಲ್ಲಿಸಿ, ಟಿಶ್ಯೂವನ್ನು ನನ್ನ ಮುಂದಿಟ್ಟ. ಆ ಅರ್ಧ ದಾರಿಯ ಬಗ್ಗೆ ನಾನು ಮೂರು ದಿನ ಯೋಚಿಸಿದೆ.

ನನಗೆ ಸಮಯವೂ ಹೆಚ್ಚಿರಲಿಲ್ಲ. ಜೂನ್ ಕೊನೆಗೆ ಇಲ್ಲಿನ ಕೆಲಸ ಮುಗಿಯುತ್ತಿತ್ತು. ಯೋನ್‌ಶೋಪಿಂಗ್‌ನಲ್ಲಿ ಹೊಸ ಕೆಲಸ ಸಿಕ್ಕಿತ್ತು, ಇಲ್ಲಿಂದ ಸುಮಾರು ಸಾವಿರ ಕಿಲೋಮೀಟರ್ ದೂರ. ಅವನು ಒಂದು ಮಾತು ಹೇಳಲಿ ಎಂದು ನಾನು ಕಾಯುತ್ತಿದ್ದೆ. ಅವನು ಪ್ರತಿ ಗುರುವಾರ ಆ ಮಾತಿನ ಹತ್ತಿರ ಬಂದು ಮರಗಳ ಕಡೆಗೆ ತಿರುಗಿಬಿಡುತ್ತಿದ್ದ.

*

ತಪ್ಪು ನಾನೇ ಮಾಡಿದೆ. ನನ್ನ ಜೊತೆ ಅಮ್ಮ, ಅಮ್ಮನ ಜೊತೆ ಮೈಸೂರಿನ ಜೋಯಿಸರು.

ಅವನ ವಿಷಯವನ್ನು ಅಮ್ಮನಿಗೆ ಹೇಳಿದ ಮರುದಿನವೇ ಫೋನು ಬಂತು. "ಹುಟ್ಟಿದ ತಾರೀಖು ಕೊಡು."

"ಅಮ್ಮ, ಅವನು ಇನ್ನೂ ಏನೂ ಹೇಳೇ ಇಲ್ಲ."

"ಹೇಳಿದ್ಮೇಲೆ ನೋಡಿ ಸಾಲಾವಳಿ ಕೂಡಿಬರಲಿಲ್ಲ ಅಂದ್ರೆ ಅಳೋದು ನೀನೇ. ಮೊದಲೇ ನೋಡೋಣ."

ಸ್ವೀಡನ್ನಿನಲ್ಲಿ ಯಾರ ಹೆಸರು ಹಾಕಿದರೂ ವಿಳಾಸ, ಹುಟ್ಟಿದ ದಿನ ಎಲ್ಲ ತೋರಿಸುವ ವೆಬ್‌ಸೈಟುಗಳಿವೆ. ಇಲ್ಲಿನವರಿಗೆ ಅದರಲ್ಲಿ ಗುಟ್ಟೇನೂ ಇಲ್ಲ. ನಾನು ಬೆರಳು ತಡೆಯಲಾಗದೆ ಹುಡುಕಿದೆ. ಸಾವಿರದ ಒಂಬೈನೂರ ಎಂಬತ್ತೊಂಬತ್ತು, ಮೇ ಎಂಟು. ನನಗಿಂತ ಎರಡು ವರ್ಷ ದೊಡ್ಡವನು. ಅಮ್ಮನಿಗೆ ಕಳಿಸಿದೆ. ಹುಟ್ಟಿದ ಹೊತ್ತು ಗೊತ್ತಿಲ್ಲದಿದ್ದರೂ ಜೋಯಿಸರು ಅಂದಾಜಿನಲ್ಲಿ ನಕ್ಷತ್ರ ತೆಗೆದು ಗುಣ ಕೂಡಿಸಿದರು.

"ಮೂವತ್ತಾರಕ್ಕೆ ಇಪ್ಪತ್ತೊಂಬತ್ತು ಕಣೇ. ನನಗೂ ನಿಮ್ಮಪ್ಪಂಗೂ ಬಂದಿದ್ದು ಇಪ್ಪತ್ತು," ಎಂದಳು ಅಮ್ಮ. ಅವಳ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ನಾನು ಇದನ್ನೆಲ್ಲ ನಂಬುವವಳಲ್ಲ. ಹಳೆಯ ಪಟ್ಟಿಗಳ ಅಂಕಿಗಳನ್ನು ಹಾಗೇ ನಂಬಬಾರದು ಎಂದು ಊರೂರಲ್ಲಿ ಭಾಷಣ ಮಾಡುವವಳು. ಆದರೂ ಆ ಇಪ್ಪತ್ತೊಂಬತ್ತು ಕೇಳಿ ಅಡುಗೆಮನೆಯಲ್ಲಿ ಒಬ್ಬಳೇ ಒಂದು ಸುತ್ತು ಕುಣಿದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಮೇ ಎಂಟು ಕೂಡ ಗುರುವಾರವೇ ಬಂದಿತ್ತು. ಮೊಟ್ಟೆ ಹಾಕದ ಏಲಕ್ಕಿ ಕೇಕು ಮಾಡಿ, ಮೇಲೆ ಕನ್ನಡದಲ್ಲಿ 'ದತ್ತಾತ್ರೇಯ ೩೬' ಎಂದು ಬರೆದು, ಅವನನ್ನು ಮನೆಗೆ ಕರೆದೆ. ಮಧ್ಯಾಹ್ನದ ಬಿಸಿಲು ಮೇಜಿನವರೆಗೆ ಬಂದಿತ್ತು. ಕಿಟಕಿಯ ಹೊರಗೆ ಬರ್ಚ್ ಮರಗಳಲ್ಲಿ ಆಗ ತಾನೇ ಚಿಗುರು.

ಅವನು ಒಳಗೆ ಬಂದು ಟೋಪಿ ತೆಗೆದು ಕೇಕು ನೋಡಿದ. ನೋಡುತ್ತಲೇ ನಿಂತ.

"ಹ್ಯಾಪಿ ಬರ್ತ್‌ಡೇ," ಎಂದೆ. ಅವನು ಮಾತಾಡದಿದ್ದಾಗ ಖುಷಿಗೆ ಮಾತು ಹೊರಡುತ್ತಿಲ್ಲ ಎಂದುಕೊಂಡು, ತಡೆಯಲಾಗದೆ ಎಲ್ಲವನ್ನೂ ಒದರಿದೆ. "ತಾರೀಖು ಹೇಗೆ ಗೊತ್ತಾಯ್ತು ಅಂತ ಕೇಳಬೇಡಿ. ಅಮ್ಮ ಸಾಲಾವಳಿನೂ ನೋಡಿಸಿಬಿಟ್ಟಳು. ನನಗೂ ನಿಮಗೂ ಎಷ್ಟು ಗೊತ್ತಾ? ಮೂವತ್ತಾರಕ್ಕೆ ಇಪ್ಪತ್ತೊಂಬತ್ತು."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಅದು ನಂದಲ್ಲ," ಎಂದ.

"ಏನು ನಿಮ್ಮದಲ್ಲ?"

"ಯಾವುದೂ." ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಸಾರಿ ಇಳಾ. ಇವತ್ತು ನನಗೆ ಕೇಕ್ ತಿನ್ನೋಕಾಗಲ್ಲ."

ಬಾಗಿಲು ಮೆತ್ತಗೆ ಹಾಕಿಕೊಂಡು ಹೋದ. ಅವನು ಬಾಗಿಲನ್ನು ಧಡಾರನೆ ಹಾಕಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ನಾನು ಕೇಕಿನ ಮುಂದೆ ಕೂತು ಅತ್ತೆ. ಹುಡುಗನ ಹಿಂದೆ ಬಿದ್ದು ಜಾತಕ ತೆಗೆಸಿದ ಹುಚ್ಚಿ ಎಂದುಕೊಂಡಿರುತ್ತಾನೆ, ಅದು ನಿಜವೇ ಆಗಿದೆ ಎಂದು ಅತ್ತೆ. ಆಮೇಲೆ ಕೇಕನ್ನು ಹಾಗೇ ಫ್ರೀಜರಿಗೆ ತಳ್ಳಿದೆ.

*

ಮರುದಿನ ಅವನು ಫೀಲ್ಡ್‌ವರ್ಕಿಗೆಂದು ಕಾಡಿಗೆ ಹೋದ. ಒಂದು ಗುರುವಾರ ಖಾಲಿ ಹೋಯಿತು. ನಾನು ಕಳಿಸಿದ ಮೂರು ಮೆಸೇಜಿಗೆ ಒಂದೇ ಉತ್ತರ, 'ಬಂದ್ಮೇಲೆ ಮಾತಾಡ್ತೀನಿ.' ಹನ್ನೊಂದನೇ ದಿನ, ಸೋಮವಾರ ಮಧ್ಯಾಹ್ನ, ನದಿಯ ದಂಡೆಯ ಬೆಂಚಿಗೆ ಬರಲು ಹೇಳಿದ.

ನಾನು ಹೋಗುವಾಗ ಅವನು ಆಗಲೇ ಕೂತಿದ್ದ. ಗಡ್ಡ ಬಿಟ್ಟಿದ್ದ. ಬೆಂಚಿನ ಮೇಲೆ ಸ್ಟ್ರಾಗಳ ಕಟ್ಟು.

"ಕ್ಷಮೆ ಕೇಳೋದು ನಾನು," ಎಂದು ನಿಂತಲ್ಲೇ ಶುರುಮಾಡಿದೆ. "ನಿಮ್ಮನ್ನ ಕೇಳದೆ ಹುಡುಕಿದ್ದು ತಪ್ಪು."

"ಕೂತ್ಕೊಳ್ಳಿ. ಅದಲ್ಲ ವಿಷಯ." ಸ್ಟ್ರಾಗಳ ಕಟ್ಟನ್ನು ಪಕ್ಕಕ್ಕೆ ಸರಿಸಿದ. "ನಂಗೊಬ್ಬ ಅಣ್ಣ ಇದ್ದ. ಎಂಬತ್ತೊಂಬತ್ತು ಮೇ ಎಂಟಕ್ಕೆ ಹುಟ್ಟಿದ್ದು ಅವನು. ದತ್ತಾತ್ರೇಯ ಅನ್ನೋ ಹೆಸರೂ ಅವಂದೇ. ಎರಡು ವರ್ಷಕ್ಕೆ ಜ್ವರ ಬಂದು ಹೋಗಿಬಿಟ್ಟ. ಅವನು ಹೋದ್ಮೇಲೆ ನಾನು ಹುಟ್ಟಿದೆ, ಮನೇಲಿ. ಅದೇ ಹೆಸರಿಟ್ರು. ಸ್ಕೂಲಿಗೆ ಸೇರಿಸುವಾಗ ಅವ್ವ ಅವನ ಬರ್ತ್ ಸರ್ಟಿಫಿಕೇಟೇ ಕೊಟ್ಟಳು. ಅಲ್ಲಿಂದ ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು, ಇಲ್ಲಿನ ಐಡಿ ನಂಬರು, ಎಲ್ಲದರಲ್ಲೂ ಅವನೇ."

ನಾನು ಬಾಯಿ ತೆರೆಯಲಿಲ್ಲ. ನನ್ನ ಜೀವನದಲ್ಲಿ ಅದು ಅಪರೂಪ.

"ಮೇ ಎಂಟಕ್ಕೆ ಅವ್ವ ಉಪವಾಸ ಇರ್ತಾಳೆ. ಸ್ಕೂಲಲ್ಲಿ ಚಾಕ್ಲೇಟ್ ಹಂಚಿ ಮನೆಗೆ ಬಂದ್ರೆ ಅವಳು ಗೋಡೆ ಕಡೆ ತಿರುಗಿ ಮಲಗಿರ್ತಿದ್ಲು. ಅದಕ್ಕೇ ನಾನು ಎಂದೂ ಏನೂ ಕೇಳಲಿಲ್ಲ. ನಾನು ಯಾವತ್ತು ಹುಟ್ಟಿದೆ ಅಂತ ನಂಗೇ ಗೊತ್ತಿಲ್ಲ ಇಳಾ. ಮರದ ವಯಸ್ಸು ಹೇಳ್ತೀನಿ, ನಂದು ಗೊತ್ತಿಲ್ಲ. ಮೂರೋ ನಾಲ್ಕೋ ವರ್ಷ ಕಮ್ಮಿ ಇರಬೇಕು."

"ಅಂದ್ರೆ ನನಗಿಂತ ಚಿಕ್ಕವರು."

"ಹೂಂ." ಅವನು ನಗಲು ನೋಡಿದ, ಆಗಲಿಲ್ಲ. "ಏನೇ ಒಳ್ಳೇದು ಸಿಕ್ಕರೂ ಇದು ಅವನ ಪಾಲಿಂದು ಅನ್ಸುತ್ತೆ. ಕೆಲಸ ಸಿಕ್ಕಾಗಲೂ ಅನ್ನಿಸ್ತು. ನಿಮಗೆ ಹೇಳಬೇಕು ಅಂತ ಎಷ್ಟು ಸಲ ಬಾಯಿವರೆಗೂ ಬಂತು. ನೀವಂದ್ರೆ ನಂಗೆ ಜೀವ. ಆದ್ರೆ ಅವತ್ತು ನೀವು ಇಪ್ಪತ್ತೊಂಬತ್ತು ಗುಣ ಅಂದ್ರಲ್ಲ, ಅದೂ ಅವಂಗೇ ಕೂಡಿ ಬಂದಿದ್ದು. ನಿಮ್ಮನ್ನೂ ಅವನ ಲೆಕ್ಕದಲ್ಲೇ ತಗೋಬೇಕಾ ಅನ್ನಿಸಿಬಿಡ್ತು."

ಗ್ರಂಥಾಲಯದಲ್ಲಿ ಅವನು ಕೇಳಿದ ಪ್ರಶ್ನೆ ನೆನಪಾಯಿತು. ಸೇತನಿಗೆ ಗೊತ್ತಿತ್ತಾ. ನಾನು ಅದಕ್ಕೆ ತಮಾಷೆಯ ಉತ್ತರ ಕೊಟ್ಟು ಹದಿನಾರು ಜನರನ್ನು ನಗಿಸಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಆ ಪಟ್ಟಿಯಲ್ಲಿ ಹೇಬೆಲನಿಗೆ ಒಂದೂ ಅಂಕಿ ಇಲ್ಲ," ಎಂದೆ ಕೊನೆಗೆ. "ಎಷ್ಟು ವರ್ಷ ಬದುಕಿದ ಅಂತ ಯಾರೂ ಬರೆದಿಲ್ಲ. ಸೇತನಿಗೆ ಇದೆ. ಬದಲಿಗೆ ಬಂದವನು ಅಂತ ಹೆಸರಿಟ್ಟರೂ ವಯಸ್ಸು ಅವನದೇ ಕೊಟ್ರು. ನಿಮಗೂ ಒಂದು ಇದ್ದೇ ಇರುತ್ತೆ. ಅವ್ವನ್ನ ಕೇಳಿ."

"ಅವ್ವ ಆ ಮಾತು ತೆಗೆಯಲ್ಲ."

"ನೀವು ಕೇಳಿದೀರಾ?"

ಅವನು ತಲೆ ತಗ್ಗಿಸಿದ.

"ಫೋನು ಕೊಡಿ. ನಾನು ಕೇಳ್ತೀನಿ. ಬೈದ್ರೆ ನನ್ನನ್ನ ಬೈಲಿ."

*

ಗದಗಿನಲ್ಲಿ ಸಂಜೆಯ ರೊಟ್ಟಿಯ ಹೊತ್ತು. ವಿಡಿಯೋದಲ್ಲಿ ಮೊದಲು ಹೊಗೆ ಕಂಡಿತು, ಆಮೇಲೆ ಹಿಟ್ಟಿನ ಕೈ, ಆಮೇಲೆ ಹಣೆಯ ತುಂಬ ಬೆವರಿದ್ದ ಮುಖ. ಹಿಂದೆ ಯಾರೋ ಪಟಪಟ ರೊಟ್ಟಿ ಬಡಿಯುತ್ತಿದ್ದರು.

"ಗುಂಡ್ಯಾ, ಯಾಕ ಗಡ್ಡಾ ಬಿಟ್ಟಿ? ಬಾಜೂಕ ಯಾರದು?"

"ನಮಸ್ಕಾರ ಅಮ್ಮ, ನಾನು ಇಳಾ. ಮೈಸೂರಿನವಳು," ಎಂದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. "ಅಮ್ಮ, ಇವರು ಹುಟ್ಟಿದ್ದು ಯಾವತ್ತು? ಕಾಗದದಲ್ಲಿ ಇರೋದಲ್ಲ. ಇವರದು."

ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮಗನನ್ನು ನೋಡಿದರು. ಅವನು ನೀರಿನ ಕಡೆ ಮುಖ ತಿರುಗಿಸಿದ್ದ.

"ಎಳ್ಳಮವಾಸಿ ಆಗಿ ಮೂರನೇ ದಿನಾ," ಎಂದರು. ಒಂದು ಕ್ಷಣವೂ ಯೋಚಿಸಲಿಲ್ಲ. "ತೊಂಬತ್ತೆರಡನೇ ಇಸ್ವಿ, ಶನಿವಾರ. ಹೊತ್ತು ಹುಟ್ಟೂ ಮುಂದ. ಸೂಲಗಿತ್ತಿ ಬರೂದರಾಗ ಹುಟ್ಟಿಬಿಟ್ಟಿದ್ದ. ಎಡಗಲ್ಲದ ಮ್ಯಾಲೆ ಗುಳಿ ಇತ್ತು. ಎರಡು ದಿನಾ ಅಳಲೇ ಇಲ್ಲ, ನಾನೇ ಅತ್ತೆ."

ಅವನು ತಿರುಗಿದ. "ಅವ್ವಾ, ನಿಂಗ ನೆನಪೈತಿ?"

"ಹಡದಾಕಿಗೆ ಮರೀತೈತೇನೊ? ವರ್ಷಾ ಹೋಳಿಗಿ ಕಳಸ್ತಿದ್ನೆಲ್ಲ. ಯಾತಕ್ಕ ಅಂದ್ಕೊಂಡಿದ್ದಿ?"

"ಕ್ರಿಸ್ಮಸ್‌ಗೆ..."

"ನಮಗ್ಯಾವ ಕ್ರಿಸ್ಮಸ್ಸೋ."

ಅವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. "ಮತ್ತ ಅಣ್ಣನ ತಾರೀಖು ಯಾಕ ಕೊಟ್ಟಿ? ನಾ ಅಂವನ ಬದಲಿಗೆ ಅಂತ ಅಲ್ಲೇನು?"

ಅವ್ವ ಹಿಟ್ಟಿನ ಕೈಯನ್ನು ನೋಡುತ್ತಾ ಹೇಳಿದರು. "ದೊಡ್ಡಾಂವ ಹೋದ ಮ್ಯಾಲೆ ನೀ ಕೈಗೆ ಬಂದಿ. ನಂಗ ಹಗಲೂ ರಾತ್ರಿ ಒಂದ ಅಂಜಿಕಿ. ನಮ್ಮತ್ತಿ ಹೇಳಿದ್ಲು, ಇವನ ಹುಟ್ಟಿದ ದಿನಾ ಯಾರ ಮುಂದೂ ಬಾಯಿ ಬಿಡಬ್ಯಾಡ, ಚಂದದ ಹೆಸರ್ಲೆ ಕರೀಬ್ಯಾಡ ಅಂತ. ಯಮ ಬಂದು ಪಟ್ಟಿ ತಗದು ನೋಡಿದ್ರ, ಈ ಹೆಸರು, ಈ ತಾರೀಖು, ಇದಕ್ಕ ಆಗಲೇ ಗೀಟು ಹೊಡದೈತಿ ಅಂತ ತಿರುಗಿ ಹೋಗ್ಲಿ ಅಂದ್ಕೊಂಡೆ. ಅಂವನ ಜಾಗಾದಾಗ ನಿನ್ನ ಇಡಲಿಲ್ಲೋ ಗುಂಡ್ಯಾ. ಅಂವನ ಹಿಂದ ಮುಚ್ಚಿ ಇಟ್ಟೆ."

ಬೆಂಚಿನ ಮೇಲಿದ್ದ ಅವನ ಕೈಯನ್ನು ನಾನು ಹಿಡಿದುಕೊಂಡೆ. ಯಾವಾಗ ಹಿಡಿದೆ ಎಂದು ಗೊತ್ತಿಲ್ಲ.

"ಮೊದಲೇ ಯಾಕ ಹೇಳಲಿಲ್ಲವ್ವಾ?"

"ನೀ ಎಂದ್ ಕೇಳಿದ್ದಿ? ಆ ಹುಡುಗಿ ಕೇಳಿದ್ಲು, ಹೇಳಿದೆ." ಅವ್ವ ಫೋನನ್ನು ಮುಖದ ಹತ್ತಿರ ತಂದು ನನ್ನನ್ನು ಸರಿಯಾಗಿ ನೋಡಿದರು. "ನಿನಗ ಹೋಳಿಗಿ ಸೇರತಾವೇನವಾ?"

"ಎರಡು ತಿಂದಿದೀನಿ ಅಮ್ಮ. ಇನ್ನೂ ಬೇಕು."

ಅವ್ವ ನಕ್ಕರು. ಗುಳಿ ಅವರ ಎಡಗೆನ್ನೆಯಲ್ಲೂ ಇತ್ತು.

*

ಫೋನಿಟ್ಟ ಮೇಲೆ ನಾನು ನನ್ನ ಫೋನಿನಲ್ಲಿ ಹಳೆಯ ಪಂಚಾಂಗ ಹುಡುಕಿ ಲೆಕ್ಕ ಹಾಕಿದೆ. ಎಳ್ಳಮವಾಸ್ಯೆ ಆದ ಮೂರನೇ ದಿನ, ಶನಿವಾರ, ತೊಂಬತ್ತೆರಡರ ಡಿಸೆಂಬರ್ ಇಪ್ಪತ್ತಾರು.

"ಇಡೀ ಸ್ವೀಡನ್‌ಗೆ ಅವತ್ತು ರಜೆ," ಎಂದೆ. "ನಿಮಗೋಸ್ಕರ ಇಷ್ಟು ವರ್ಷ ಬಾಗಿಲು ಹಾಕ್ಕೊಂಡು ಕೂತಿದ್ರು, ನೀವು ನೋಡಿದ್ರೆ ಮರ ಎಣಿಸ್ತಾ ಇದ್ರಿ."

ಅವನು ಈ ಸಲ ನಕ್ಕ. ನನ್ನ ಕೈ ಬಿಡಲಿಲ್ಲ.

ನಾನು ಅವನಿಗೆ ನನ್ನ ಪ್ರಬಂಧದ ಕೊನೆಯ ಅಧ್ಯಾಯದ ವಿಷಯ ಹೇಳಿದೆ. ಗ್ರೀಕ್ ಪ್ರತಿಗಳ ಅಂಕಿಗಳನ್ನು ಕೂಡಿಸಿದರೆ ಮೆತೂಷೆಲಹ ಪ್ರಳಯ ಮುಗಿದ ಮೇಲೂ ಹದಿನಾಲ್ಕು ವರ್ಷ ಬದುಕಿರುತ್ತಾನೆ. ಆದರೆ ಪ್ರಳಯದಲ್ಲಿ ಜೀವ ಉಳಿಸಿದ ನೋಹನ ಹಡಗಿನಲ್ಲಿ ಅವನಿರಲಿಲ್ಲ. ಹೀಬ್ರೂ ಪ್ರತಿಯಲ್ಲಿ ಪ್ರಳಯದ ವರ್ಷವೇ ಅವನ ವಯಸ್ಸು ಮುಗಿಯುತ್ತದೆ. ನೋಹನ ಅಜ್ಜ ನೀರಲ್ಲಿ ಮುಳುಗಿ ಸತ್ತ ಎಂದು ಬರೆಯಲು ಯಾವನೋ ನಕಲುಗಾರನಿಗೆ ಮನಸ್ಸು ಬರದೆ, ನೀರು ಬರುವ ಮುಂಚೆಯೇ ಸಾಯುವ ಹಾಗೆ ಅಂಕಿ ತಿದ್ದಿರಬಹುದು ಎನ್ನುವುದು ನನ್ನ ಊಹೆ. ನನ್ನ ಪ್ರೊಫೆಸರು ಇದನ್ನು ಒಪ್ಪಿರಲಿಲ್ಲ. ಇಷ್ಟು ದಿನ ನನಗೂ ಪೂರ್ತಿ ಧೈರ್ಯವಿರಲಿಲ್ಲ. ಅವತ್ತು ಬಂತು. ಅಂಕಿ ತಿದ್ದಿದವರೆಲ್ಲ ಸುಳ್ಳುಗಾರರಲ್ಲ.

ಮನೆಗೆ ಬಂದು ಫ್ರೀಜರಿನಿಂದ ಕೇಕನ್ನು ತೆಗೆದೆ. ಒಂದು ಮೂಲೆ ಚಪ್ಪಟೆಯಾಗಿತ್ತು. 'ದತ್ತಾತ್ರೇಯ ೩೬' ಮಾತ್ರ ಹಾಗೇ ಇತ್ತು.

"ಇದು ಅಣ್ಣಂದು," ಎಂದ ಅವನು. "ಅಣ್ಣನ ಹುಟ್ಟುಹಬ್ಬಕ್ಕೆ ಯಾರ ಮನೇಲೂ ಕೇಕ್ ಮಾಡಿರಲಿಲ್ಲ. ತಿನ್ನೋಣ."

ತಿಂದೆವು. ಸ್ವಲ್ಪ ಐಸು ಐಸಾಗಿತ್ತು, ಏಲಕ್ಕಿ ಮುಂದಾಗಿತ್ತು. ಅವನು ಎರಡು ಸಲ ಹಾಕಿಸಿಕೊಂಡ. ಮುಂದೆ ಮೇ ಎಂಟು ಬಂದರೆ ಅವ್ವನಿಗೆ ಬೆಳಿಗ್ಗೆಯೇ ಫೋನ್ ಮಾಡಿ ಅಣ್ಣನ ಬಗ್ಗೆ ಕೇಳುತ್ತೇನೆ ಎಂದ. ಅಣ್ಣ ಯಾವ ಆಟಿಕೆ ಇಟ್ಟುಕೊಂಡು ಆಡುತ್ತಿದ್ದ ಎಂದೂ ತನಗೆ ಗೊತ್ತಿಲ್ಲ ಎಂದ.

ಅಷ್ಟರಲ್ಲಿ ಅಮ್ಮನ ಫೋನು. ಬೆಂಚಿನಿಂದಲೇ ಹೊಸ ತಾರೀಖು ಕಳಿಸಿ ಎಲ್ಲ ಬರೆದಿದ್ದೆ. ಜೋಯಿಸರು ಅಷ್ಟು ಬೇಗ ಕೂಡಿಸುತ್ತಾರೆ ಎಂದುಕೊಂಡಿರಲಿಲ್ಲ. ಕೋಣೆಯ ಮೂಲೆಗೆ ಹೋಗಿ ಮಾತಾಡಿ ಬಂದು ಮತ್ತೆ ಕೂತೆ.

"ಎಷ್ಟು?" ಎಂದ ಅವನು. ಚಮಚವನ್ನು ಕೆಳಗಿಟ್ಟಿದ್ದ.

"ಹದಿನೇಳೂವರೆ. ಹದಿನೆಂಟು ಬಂದ್ರೆ ಪಾಸು."

"ಅರ್ಧ ಮಾರ್ಕಿಗೆ ಫೇಲಾ?"

"ಅಮ್ಮ ಹತ್ತು ನಿಮಿಷ ಅತ್ತಳು. ಆಮೇಲೆ ಹುಡುಗ ಹೋಳಿಗೆ ಬಿಸಿ ಮಾಡಿ ಕೊಡ್ತಾನಾ, ಹಾಗೇ ಕೊಡ್ತಾನಾ ಅಂತ ಕೇಳಿದಳು."

ಅವನು ನಗಲಿಲ್ಲ. ನನ್ನ ಉತ್ತರಕ್ಕೆ ಕಾಯುತ್ತಿದ್ದ. ಇಷ್ಟು ದಿನ ಅವನ ಮಾತಿಗೆ ನಾನು ಕಾದಿದ್ದೆ, ಈಗ ಅವನ ಸರದಿ. ಕಾಯಿಸಬೇಕು ಎಂದುಕೊಂಡೆ, ಆಗಲಿಲ್ಲ.

"ಇಪ್ಪತ್ತೊಂಬತ್ತು ಅಣ್ಣಂಗೇ ಇರಲಿ," ಎಂದೆ. "ಅವನಿಗೆ ಬೇರೇನೂ ಸಿಗಲಿಲ್ಲ. ನನಗೆ ಈ ಹದಿನೇಳೂವರೆ ಸಾಕು. ಇದು ನಿಂದು."

ನಾನು ನೀನು ಎಂದದ್ದು ಅವನಿಗೆ ಕೇಳಿಸಿತು. ಕಿವಿ ಮತ್ತೆ ಕೆಂಪಾಯಿತು.

"ಯೋನ್‌ಶೋಪಿಂಗ್ ಕಡೆನೂ ಹಳೇ ಮರಗಳು ಇದಾವಂತೆ," ಎಂದ, ತಟ್ಟೆ ನೋಡುತ್ತಾ. "ಓಕ್. ನಾನು ಇನ್ನೂ ಎಣಿಸಿಲ್ಲ."

"ಬಂದು ಎಣಿಸು."

ಅವನು ಕೈ ಚಾಚಿ ನನ್ನ ಗದ್ದದ ಮೇಲಿನ ಕೇಕಿನ ಪುಡಿ ಒರೆಸಿದ. ಈ ಸಲ ಅರ್ಧ ದಾರಿಯಲ್ಲಿ ನಿಲ್ಲಿಸಲಿಲ್ಲ.

"ಇನ್ನೊಂದು ತುಂಡು ಹಾಕಲಾ ಗುಂಡ್ಯಾ?"

"ಏ ಇಳಾ, ಅದು ಮನೆಯವರು ಮಾತ್ರ ಕರೆಯೋ ಹೆಸರು."

"ಗೊತ್ತು. ಅದಕ್ಕೇ ಕರೆದೆ," ಎಂದೆ.